ವಿಪತ್ಕಾಲದಲ್ಲಿ ತಾಯಿ ಮತ್ತು ಕೂಸು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಮಾತೆಯರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಆರೋಗ್ಯದ ವಿಷಯವಾಗಿ ಕೆಲವು ಮಾತುಗಳನ್ನಾಡಬೇಕೆಂದು ಮಾತೆಯರ ಸಂಘದವರು ನನ್ನನ್ನು ಕೇಳಿಕೊಂಡರು. ನಾನು ವೈದ್ಯನಲ್ಲ. ಗುರುಮಠದಲ್ಲಿ ನಮಗೆ ಕಲಿಸಿದ್ದು ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳನ್ನು. ಆದರೂ ಗುರುವಾದವನು ಜೀವಮಾನವೆಲ್ಲ ತೊಟ್ಟಿಲ ಬಳಿಯಲ್ಲಿಯೂ ಸಮಾಧಿಯ ಬಳಿಯಲ್ಲಿಯೂ ನಿಲ್ಲಬೇಕಾದವನು. ಹಳೆಯ ಧರ್ಮಕೇಂದ್ರಗಳ ಜ್ಞಾನಸ್ನಾನದ ಪುಸ್ತಕವನ್ನೂ ಮರಣದ ಪುಸ್ತಕವನ್ನೂ ಜೊತೆಯಾಗಿ ತೆರೆದು ನೋಡಿದವರಿಗೆ, ಒಂದೇ ಮನೆಯ ತಾಯಿ ಮತ್ತು ಕೂಸು ಒಂದೇ ವಾರದಲ್ಲಿ ಕಣ್ಮುಚ್ಚಿದ ನಮೂದುಗಳು ಹೊಸತೇನಲ್ಲ. ಆ ಕಾಲದಲ್ಲಿ ಹೆರಿಗೆಯೆಂದರೆ ಪ್ರತಿ ಮನೆಗೂ ಒಂದು ವಿಪತ್ತಿನ ದಿನವಾಗಿತ್ತು. ಲಸಿಕೆ, ದಾದಿಯರು, ಆಸ್ಪತ್ರೆ ಮತ್ತು ರಸ್ತೆಗಳು ಬಂದ ಮೇಲೆ ಆ ಭಯ ಬಹಳಮಟ್ಟಿಗೆ ದೂರವಾಯಿತು.

ಆದರೆ ನೆಲ ನಡುಗಿದಾಗ, ಗುಡ್ಡ ಜರಿದಾಗ, ಹೊಳೆ ಊರಿಗೆ ನುಗ್ಗಿದಾಗ ಆ ರಸ್ತೆ, ಆ ಆಸ್ಪತ್ರೆ, ಆ ದಾದಿ ಒಂದೇ ಗಳಿಗೆಯಲ್ಲಿ ದೂರವಾಗುತ್ತಾರೆ. ಆಗ ಬಸಿರಿ ಹೆಂಗಸು ತನ್ನ ಮುತ್ತಜ್ಜಿಯ ಕಾಲಕ್ಕೆ ಮರಳಿಬಿಡುತ್ತಾಳೆ. ಅವಳನ್ನು ಆ ಕಾಲದಿಂದ ಹಿಂದಕ್ಕೆ ಕರೆತರುವ ಬಗೆ ಹೇಗೆ ಎಂಬುದೇ ನಾನು ಇಂದು ತಮ್ಮ ಮುಂದೆ ಇಡಬಯಸುವ ವಿಷಯ.

ಇದು ದೂರದ ಮಾತೇನಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ನೀರಿನಲ್ಲಿ ನಿಂತವು. 2024ರ ಜುಲೈ 30ರ ಬೆಳಗಿನ ಜಾವ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳು ಮಣ್ಣುಪಾಲಾದವು. ಇಂತಹ ಪ್ರತಿ ಸಂದರ್ಭದಲ್ಲಿಯೂ ಶಾಲೆಗಳ, ಸಮುದಾಯ ಭವನಗಳ ಬಾಗಿಲು ತೆರೆಯುತ್ತದೆ. ಅಕ್ಕಿ, ಬೇಳೆ, ಕಂಬಳಿ, ಬಟ್ಟೆಬರೆ ರಾಶಿಯಾಗಿ ಬಂದು ಬೀಳುತ್ತವೆ. ಜನರ ಔದಾರ್ಯಕ್ಕೆ ಕೊರತೆಯಿಲ್ಲ. ಆದರೆ ಸಂಗ್ರಹದ ಪಟ್ಟಿಯನ್ನು ನೋಡಿದರೆ ಅದರಲ್ಲಿ ಗರ್ಭಿಣಿಯ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಶಿಬಿರಕ್ಕೆ ಬಂದವರ ತಲೆ ಎಣಿಸುತ್ತಾರೆ. ಇವರಲ್ಲಿ ಎಷ್ಟು ಮಂದಿಗೆ ಈ ತಿಂಗಳು ಹೆರಿಗೆ ಎಂದು ಕೇಳುವವರು ವಿರಳ.

ಈ ವಿಷಯವನ್ನು ಅರಿಯಲು ನೇಪಾಳದ 2015ರ ಭೂಕಂಪಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು. ನಮ್ಮ ಊರುಗಳ ಹೋಟೆಲುಗಳಲ್ಲಿ ದುಡಿಯುವ, ನಗರಗಳಲ್ಲಿ ಮನೆಗಳನ್ನು ಕಾಯುವ ಎಷ್ಟೋ ಮಂದಿಯ ತಾಯ್ನೆಲ ಅದು. ಬಡದೇಶವಾದರೂ ತಾಯಿ-ಮಕ್ಕಳ ಆರೋಗ್ಯದಲ್ಲಿ ಅದು ಬಹಳ ಹಿಂದಿನಿಂದಲೇ ಶ್ರಮಿಸುತ್ತ ಬಂದಿತ್ತು. ಆದುದರಿಂದ ಅಲ್ಲಿ ಏನು ಕುಸಿಯಿತು, ಏನು ಉಳಿಯಿತು ಎಂಬುದರಿಂದ ನಾವು ಕಲಿಯಬೇಕಾದುದು ಬಹಳವಿದೆ.

2015ರ ಏಪ್ರಿಲ್ 25, ಶನಿವಾರ. ಮಧ್ಯಾಹ್ನಕ್ಕೆ ಇನ್ನು ನಾಲ್ಕು ನಿಮಿಷವಿರುವಾಗ 7.8 ತೀವ್ರತೆಯ ಕಂಪನವು ಗೋರ್ಖಾ ಜಿಲ್ಲೆಯಿಂದ ಪೂರ್ವಕ್ಕೆ ಹರಡಿತು. ಅದರ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಮೇ 12ರಂದು 7.3 ತೀವ್ರತೆಯ ಇನ್ನೊಂದು ಕಂಪನವಾಯಿತು. ಸುಮಾರು 9,000 ಜನ ಮಡಿದರು. 5 ಲಕ್ಷದಷ್ಟು ಮನೆಗಳು ನೆಲಸಮವಾದವು. ಇನ್ನೂ ಎರಡೂವರೆ ಲಕ್ಷ ಮನೆಗಳು ಬಿರುಕುಬಿಟ್ಟು ನಿಂತವು. ಶನಿವಾರ ಅಲ್ಲಿ ಶಾಲೆಗಳಿಗೆ ರಜೆಯಾದುದರಿಂದ ತರಗತಿಗಳಲ್ಲಿದ್ದು ಸಾಯಬಹುದಾಗಿದ್ದ ಮಕ್ಕಳು ಬದುಕಿದರು. ಆದರೆ ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆಯೇ ಹೆಚ್ಚು.

ಆರೋಗ್ಯ ವ್ಯವಸ್ಥೆಗೆ ತಗುಲಿದ ಪೆಟ್ಟನ್ನು ನೇಪಾಳ ಸರ್ಕಾರವೇ ಲೆಕ್ಕಹಾಕಿತು. 446 ಸರ್ಕಾರಿ ಆರೋಗ್ಯ ಸಂಸ್ಥೆಗಳು ಸಂಪೂರ್ಣ ನಾಶವಾದವು. ಅವುಗಳಲ್ಲಿ 417 ಹಳ್ಳಿಗಳ ಸಣ್ಣ ಆರೋಗ್ಯ ಠಾಣೆಗಳು. ಈ ಸಂಖ್ಯೆಯ ಮೇಲೆ ತಮ್ಮ ಗಮನವಿರಲಿ. ಬಿದ್ದವುಗಳಲ್ಲಿ ದೊಡ್ಡ ಆಸ್ಪತ್ರೆಗಳು ಐದೇ. ಗುಡ್ಡಗಾಡಿನ ಹೆಂಗಸು ನಡೆದುಹೋಗಿ ಹೆರಿಗೆಮಾಡಿಸಿಕೊಳ್ಳಬಹುದಾಗಿದ್ದ ಕಲ್ಲುಮಣ್ಣಿನ ಆ ಪುಟ್ಟ ಕಟ್ಟಡಗಳೇ ನೂರಾರು ಸಂಖ್ಯೆಯಲ್ಲಿ ಉರುಳಿದವು. ಅತಿಯಾಗಿ ನೊಂದ 14 ಜಿಲ್ಲೆಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಹೆರಿಗೆ ಕೇಂದ್ರಗಳು ಹಾನಿಗೊಂಡವು ಅಥವಾ ನಾಶವಾದವು ಎಂದು ಯೂನಿಸೆಫ್ ಸಂಸ್ಥೆ ಪ್ರಕಟಿಸಿತು. ಅದೇ ಸಂಸ್ಥೆಯ ಅಂದಾಜಿನಂತೆ ಆ ಜಿಲ್ಲೆಗಳಲ್ಲಿ ಮೂಲಭೂತ ಆರೋಗ್ಯ ಸೌಲಭ್ಯವಿಲ್ಲದೆ ಪ್ರತಿ ಗಂಟೆಗೆ 12 ಶಿಶುಗಳು ಜನಿಸುತ್ತಿದ್ದವು. ಅಂದರೆ ದಿನವೊಂದಕ್ಕೆ 288 ಹೆರಿಗೆಗಳು: ಡೇರೆಯಲ್ಲಿ, ಹೊಲದಲ್ಲಿ, ತಗಡಿನ ಮರೆಯಲ್ಲಿ. ಜೂನ್ ತಿಂಗಳು ಬಂದೊಡನೆ ಮಳೆಯೂ ಹಿಡಿಯಿತು.

ಇಲ್ಲಿಯೇ ನಾವು ಒಂದು ಸತ್ಯವನ್ನು ಗ್ರಹಿಸಬೇಕು. ಮುರಿದ ಕಾಲಿಗೆ ಒಂದು ದಿನ ತಡವಾದರೂ ಚಿಕಿತ್ಸೆ ಮಾಡಬಹುದು. ಮನೆಯನ್ನು ಒಂದು ವರ್ಷದ ಮೇಲೆ ಕಟ್ಟಬಹುದು. ಹೆರಿಗೆಯನ್ನು ಮಾತ್ರ ಯಾರೂ ಮುಂದೂಡಲಾರರು. ರಸ್ತೆ ತೆರವಾಗಲಿ, ಹೆಲಿಕಾಪ್ಟರ್ ಬರಲಿ, ಸರ್ಕಾರದ ಆಜ್ಞೆ ಹೊರಡಲಿ ಎಂದು ಕೂಸು ಕಾಯುವುದಿಲ್ಲ. ಆದುದರಿಂದ ವಿಪತ್ತು ಬಂದ ಮೇಲೆ ಹೊರಗಿನಿಂದ ಹೊರಟ ನೆರವು ಎಷ್ಟೇ ದೊಡ್ಡದಾಗಿದ್ದರೂ ಮೊದಲ ದಿನಗಳ ತಾಯಂದಿರಿಗೆ ಅದು ತಡವಾಗಿಯೇ ತಲಪುತ್ತದೆ. ಅವರನ್ನು ಉಳಿಸುವುದು ವಿಪತ್ತಿಗೆ ಮೊದಲೇ ಅದೇ ಊರಿನಲ್ಲಿದ್ದ ತಿಳಿವಳಿಕೆ, ಅದೇ ಊರಿನಲ್ಲಿದ್ದ ಕೈ.

ನೇಪಾಳದಲ್ಲಿ ಆ ಕೈ ಇತ್ತು. 1988ರಿಂದ ಆ ದೇಶವು ಹಳ್ಳಿ ಹಳ್ಳಿಯಲ್ಲಿ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಿಕೆಯರನ್ನು ತಯಾರುಮಾಡುತ್ತ ಬಂದಿತ್ತು. ಅವರ ಸಂಖ್ಯೆ 50,000 ದಾಟಿತ್ತು. ಆಕೆ ಪರಸ್ಥಳದವಳಲ್ಲ, ಆ ಓಣಿಯ ಸೊಸೆ, ಅತ್ತೆ, ನೆರೆಯವಳು. ಆಕೆಗೆ ಸಂಬಳವಿಲ್ಲ. ಆಕೆಯನ್ನು ಆರಿಸುವುದು ಆ ಊರಿನ ತಾಯಂದಿರ ಗುಂಪು. ಮಾತೆಯರ ಸಂಘದ ತಾವು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಭೂಮಿ ಕಂಪಿಸಿದ ಮರುದಿನ ಯಾವ ಮನೆಯಲ್ಲಿ ಬಸಿರಿಯಿದ್ದಾಳೆ, ಯಾರಿಗೆ ಎಷ್ಟು ತಿಂಗಳು ಎಂಬುದು ಆಕೆಗೆ ಕಾಗದ ನೋಡದೆಯೇ ತಿಳಿದಿತ್ತು. ರಾಜಧಾನಿಯಿಂದ ಬರುವ ಅಧಿಕಾರಿಗೆ ಅದು ತಿಳಿಯಲು ವಾರಗಳೇ ಬೇಕು.

ನಮ್ಮ ನಾಡಿಗೂ ಇಂತಹ ಕೈಗಳ ಪರಿಚಯವಿದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಇಹಲೋಕ ತ್ಯಜಿಸಿದರು. 2005ರಿಂದೀಚೆಗೆ ಆಶಾ ಕಾರ್ಯಕರ್ತೆಯರು ನಮ್ಮ ಪ್ರತಿ ಹಳ್ಳಿಯಲ್ಲಿದ್ದಾರೆ. ಕೈಗಳಿವೆ, ಅವುಗಳಿಗೆ ವಿಪತ್ತಿನ ದಿನದ ಕೆಲಸವನ್ನು ಮೊದಲೇ ಹೇಳಿಕೊಟ್ಟಿರಬೇಕು, ಅಷ್ಟೇ.

ಹಾಗಾದರೆ ಆ ದಿನ ಮಾಡಬೇಕಾದುದೇನು? ತಾಯಿಯನ್ನೂ ಕೂಸನ್ನೂ ಕೊಲ್ಲುವ ಶತ್ರುಗಳು ಹಲವಾದರೂ ನಾನು ನಾಲ್ಕನ್ನು ಮಾತ್ರ ಹೆಸರಿಸುತ್ತೇನೆ: ರಕ್ತಸ್ರಾವ, ನಂಜು, ಚಳಿ ಮತ್ತು ಹೊರಗಿನ ಹಾಲು.

ಮೊದಲನೆಯದು ರಕ್ತಸ್ರಾವ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಗಟ್ಟಿಯಾಗಿ ಕುಗ್ಗಬೇಕು. ಕುಗ್ಗಿದರೆ ಒಳಗಿನ ರಕ್ತನಾಳಗಳ ಬಾಯಿ ಬಿಗಿದುಕೊಳ್ಳುತ್ತದೆ. ಸಡಿಲವಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಹೋಗಿ, ಬೆಳಿಗ್ಗೆ ಆರೋಗ್ಯವಾಗಿದ್ದ ಹೆಂಗಸು ಎರಡು ಗಂಟೆಯೊಳಗೆ ಪ್ರಾಣಬಿಡಬಹುದು. ಇದನ್ನು ತಡೆಯಲು ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದನ್ನು ಕೊಡುತ್ತಾರೆ. ಅದು ಉತ್ತಮವಾದ ಔಷಧ. ಆದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡಬೇಕು. ವಿದ್ಯುತ್ ಕಡಿದುಹೋದ ಊರಿನಲ್ಲಿ ಆ ಶೈತ್ಯವೆಲ್ಲಿ? ಮಿಸೋಪ್ರೊಸ್ಟಾಲ್ ಎಂಬ ಮಾತ್ರೆಗೆ ಶೈತ್ಯವೂ ಬೇಡ, ಸೂಜಿಯೂ ಬೇಡ. ನೇಪಾಳದ ಹಲವು ಜಿಲ್ಲೆಗಳಲ್ಲಿ ‘ಮಾತೃ ಸುರಕ್ಷಾ ಚಕ್ಕಿ’ ಎಂಬ ಹೆಸರಿನಿಂದ ಈ ಮೂರು ಮಾತ್ರೆಗಳನ್ನು ಸ್ವಯಂಸೇವಿಕೆಯರು ಎಂಟನೆಯ ತಿಂಗಳಿನಲ್ಲಿಯೇ ಬಸಿರಿಯ ಕೈಗೆ ಕೊಟ್ಟು ವಿಧಾನವನ್ನು ಕಲಿಸುತ್ತಿದ್ದರು: ಕೂಸು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಖಚಿತಪಡಿಸಿಕೊಂಡು ನುಂಗಬೇಕು. ಅದಕ್ಕೆ ಮೊದಲು ನುಂಗಿದರೆ ಅದೇ ಮಾತ್ರೆ ತಾಯಿ-ಮಗು ಇಬ್ಬರಿಗೂ ಮೃತ್ಯುವಾಗಬಹುದು. ಆದುದರಿಂದ ಇದನ್ನು ತಾವಾಗಿಯೇ ಅಂಗಡಿಯಿಂದ ತಂದು ಬಳಸಬೇಡಿರಿ; ಆರೋಗ್ಯ ಕೇಂದ್ರದ ದಾದಿಯರ ಮಾತಿನಂತೆಯೇ ನಡೆಯಬೇಕು.

ಎರಡನೆಯದು ನಂಜು. ಕೊಳೆಯಾದ ಕೈ, ಕೊಳೆಯಾದ ನೆಲ, ತುಕ್ಕುಹಿಡಿದ ಕುಡುಗೋಲು, ಹಳೆಯ ಬಟ್ಟೆಯಿಂದ ಹರಿದ ದಾರ, ಇವುಗಳಿಂದ ತಾಯಿಗೆ ಬಾಣಂತಿ ನಂಜು, ಕೂಸಿಗೆ ಧನುರ್ವಾಯು. ಇದಕ್ಕೆ ಬೇಕಾದ ಸಲಕರಣೆ ಒಂದು ಅಂಗೈಯಗಲದ ಪೊಟ್ಟಣದಲ್ಲಿ ಹಿಡಿಯುತ್ತದೆ. ನೇಪಾಳದಲ್ಲಿ 1990ರ ದಶಕದಿಂದಲೇ ‘ಸುತ್ಕೇರಿ ಸಾಮಗ್ರಿ’ ಎಂಬ ಪೊಟ್ಟಣ ದೊರೆಯುತ್ತಿತ್ತು. ಸುತ್ಕೇರಿ ಎಂದರೆ ಬಾಣಂತಿ. ಅದರೊಳಗೆ ಸಾಬೂನು, ಹಾಸಲು ಪ್ಲಾಸ್ಟಿಕ್ ಹಾಳೆ, ಹೊಸ ಬ್ಲೇಡು, ಶುದ್ಧವಾದ ದಾರ, ಜೊತೆಗೆ ನಾಣ್ಯದ ಆಕಾರದ ಒಂದು ಪ್ಲಾಸ್ಟಿಕ್ ಬಿಲ್ಲೆ. ಈ ಬಿಲ್ಲೆಯೇಕೆ? ಹೊಕ್ಕುಳಬಳ್ಳಿಯನ್ನು ನಾಣ್ಯದ ಮೇಲಿಟ್ಟು ಕೊಯ್ಯುವುದು ಅಲ್ಲಿನ ಹಳೆಯ ರೂಢಿ. ರೂಢಿಯನ್ನು ಹಳಿಯದೆ, ಕೈಯಿಂದ ಕೈಗೆ ಹರಿದಾಡಿ ಕೊಳೆಯಾದ ನಾಣ್ಯದ ಸ್ಥಳದಲ್ಲಿ ಶುದ್ಧವಾದ ಬಿಲ್ಲೆಯನ್ನಿಟ್ಟರು. ಜನರಿಗೆ ಒಳಿತು ಮಾಡಬೇಕೆನ್ನುವವರು ಜನರ ಮರ್ಯಾದೆಯನ್ನು ಉಳಿಸಿಯೇ ಮಾಡಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಹೊಕ್ಕುಳಿಗೆ ಎಣ್ಣೆ, ಅರಿಶಿನ ಮುಂತಾದುವನ್ನು ಹಚ್ಚುವ ಪದ್ಧತಿಯೂ ಅಲ್ಲಿತ್ತು. 2002ರಿಂದ 2005ರ ವರೆಗೆ ಸರ್ಲಾಹಿ ಜಿಲ್ಲೆಯಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಹೊಕ್ಕುಳಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿವಾರಕವನ್ನು ಹಚ್ಚಿದ ಶಿಶುಗಳ ಮರಣವು ನೂರಕ್ಕೆ 24ರಷ್ಟು ಕಡಿಮೆಯಾಯಿತು. ಅನಂತರ ನೇಪಾಳವು ಅದನ್ನು ಸಣ್ಣ ಕೊಳವೆಯಲ್ಲಿ ಮುಲಾಮಾಗಿ ಹಳ್ಳಿಗಳಿಗೆ ಹಂಚಿತು. ಇದು ಎಲ್ಲ ಕಡೆಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಆಫ್ರಿಕದಲ್ಲಿ ನಡೆದ ಪರೀಕ್ಷೆಗಳಲ್ಲಿ ಅಷ್ಟು ಲಾಭ ಕಂಡುಬರಲಿಲ್ಲ; ಆಸ್ಪತ್ರೆಯಲ್ಲಿ ಶುಚಿಯಾಗಿ ಹುಟ್ಟಿದ ಕೂಸಿಗೆ ಹೊಕ್ಕುಳನ್ನು ಒಣಗಿದಂತೆ ಬಿಡುವುದೇ ಸಾಕು. ಆ ಔಷಧ ಕಣ್ಣಿಗೆ ತಗುಲಿದರೆ ಅಪಾಯವೂ ಉಂಟು. ಆದರೆ ಮನೆಯಲ್ಲಿ, ಡೇರೆಯಲ್ಲಿ ಹೆರಿಗೆಯಾಗುವ ಕಡೆ ಅದರಿಂದ ಪ್ರಯೋಜನವಾಗಬಲ್ಲದು.

ಮೂರನೆಯ ಶತ್ರು ಚಳಿ. ತಾಯಿಯ ಗರ್ಭದ ಬೆಚ್ಚನೆಯಿಂದ ಒದ್ದೆಮೈಯಲ್ಲಿ ಹೊರಬಂದ ಕೂಸು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸಂತೂ ತನ್ನ ಶಾಖವನ್ನು ತಾನು ಕಾಯ್ದುಕೊಳ್ಳಲಾರದು. ನಮ್ಮಲ್ಲಿ ಹುಟ್ಟಿದೊಡನೆ ಮೀಯಿಸುವ ಅಭ್ಯಾಸ ಬಲವಾಗಿದೆ. ಅದನ್ನು ಒಂದು ದಿನವಾದರೂ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸನ್ನು ಒಣಬಟ್ಟೆಯಿಂದ ಒರೆಸಿ, ತಾಯಿಯ ಬರಿಯೆದೆಯ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಬೇಕು. ಇದಕ್ಕೆ ವೈದ್ಯರು ಕಾಂಗರೂ ಆರೈಕೆ ಎಂಬ ಹೆಸರಿಟ್ಟಿದ್ದಾರೆ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಇದು ಪ್ರಾರಂಭವಾಯಿತು. ಮೊದಲು ಇದನ್ನು ಬಡವರ ಪರ್ಯಾಯವೆಂದು ಭಾವಿಸಿದವರಿದ್ದರು. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದದ್ದು, ಬೇರೊಂದು ಸಂಗತಿಯನ್ನು ತೋರಿಸಿತು. ಅತಿ ಕಡಿಮೆ ತೂಕದ ಕೂಸುಗಳನ್ನು ಹುಟ್ಟಿದೊಡನೆಯೇ ತಾಯಿಯ ಎದೆಗೆ ಕೊಟ್ಟಾಗ ಮೊದಲ 28 ದಿನಗಳಲ್ಲಿ ನೂರಕ್ಕೆ 12 ಕೂಸುಗಳು ತೀರಿಕೊಂಡವು. ಮೊದಲು ಯಂತ್ರದ ಬಳಿಯಲ್ಲಿಟ್ಟು ಸ್ಥಿರವಾದ ಮೇಲೆ ಕೊಟ್ಟಾಗ ತೀರಿಕೊಂಡವು 15.7. ಸುಸಜ್ಜಿತ ಆಸ್ಪತ್ರೆಯಲ್ಲಿಯೇ ಹೀಗಾದರೆ, ವಿದ್ಯುತ್ತಿಲ್ಲದ ಡೇರೆಯಲ್ಲಿ ತಾಯಿಯ ಎದೆಗಿಂತ ಬೇರೆ ಯಂತ್ರವೇಕೆ? ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರದೊಡನೆ ಸೇರಿ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಮನೆಮನೆಗೆ ಮುಟ್ಟಿಸಲು ಶ್ರಮಿಸಿದ್ದಾರೆಂಬುದು ನಮಗೆಲ್ಲ ಸಂತೋಷದ ಸಂಗತಿ. ತಾಯಿ ಗಾಯಗೊಂಡಿದ್ದರೆ ತಂದೆಯ ಎದೆ, ಅಜ್ಜಿಯ ಎದೆ ಕೂಡ ಆದೀತು.

ನಾಲ್ಕನೆಯದನ್ನು ಹೇಳುವಾಗ ಕೆಲವರಿಗೆ ಆಶ್ಚರ್ಯವಾಗಬಹುದು. ವಿಪತ್ತಾದೊಡನೆ ದಯಾಳುಗಳ ಮನಸ್ಸಿಗೆ ಮೊದಲು ಹೊಳೆಯುವುದು ‘ಪಾಪ, ಆ ಹಸುಗೂಸುಗಳಿಗೆ ಹಾಲು’ ಎಂಬುದು. ಡಬ್ಬಿ ಡಬ್ಬಿ ಹಾಲಿನ ಪುಡಿ, ಶೀಷೆಗಳು ಹೊರಡುತ್ತವೆ. 2006ರ ಮೇ 27ರಂದು ಇಂಡೊನೇಶಿಯದ ಯೋಗ್ಯಕರ್ತ ಪ್ರದೇಶದಲ್ಲಿ ಭೂಕಂಪವಾಗಿ 5,700ಕ್ಕೂ ಹೆಚ್ಚು ಜನ ಸತ್ತಾಗಲೂ ಹೀಗೆಯೇ ಆಯಿತು. ಅನಂತರ ಅಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ದಾನದ ಹಾಲಿನಪುಡಿ ದೊರೆತ ಮಕ್ಕಳಲ್ಲಿ ನೂರಕ್ಕೆ 25ಕ್ಕೂ ಹೆಚ್ಚು ಮಂದಿಗೆ ಭೇದಿ ತಗುಲಿತ್ತು. ದೊರೆಯದ ಮಕ್ಕಳಲ್ಲಿ 11.5. ಕಾರಣ ಸ್ಪಷ್ಟವಾಗಿದೆ. ಪುಡಿಯನ್ನು ಕಲಸಲು ನೀರು ಬೇಕು, ಬಾವಿಗಳು ಕೆಟ್ಟಿವೆ. ನೀರನ್ನು ಕುದಿಸಲು ಸೌದೆ ಬೇಕು, ಸೌದೆ ನೆನೆದಿದೆ. ಶೀಷೆಯನ್ನು ತೊಳೆಯಲು ಸ್ಥಳವಿಲ್ಲ. ಇತ್ತ ಕೂಸು ಎದೆಯನ್ನು ಚೀಪದ ಕಾರಣ ತಾಯಿಯ ಹಾಲೂ ಬತ್ತುತ್ತದೆ. ಡಬ್ಬಿ ಮುಗಿದ ದಿನ ಎರಡೂ ಇಲ್ಲ.

ಹೆದರಿಕೆಯಿಂದ ಎದೆಹಾಲು ಬತ್ತಿಹೋಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆಘಾತದಿಂದ ಹಾಲು ಇಳಿಯುವುದು ಕೆಲವು ಹೊತ್ತು ತಡವಾಗಬಹುದು. ಹಾಲು ಹುಟ್ಟುವುದು ನಿಲ್ಲುವುದಿಲ್ಲ. ತಾಯಿಗೆ ಒಂದು ಮರೆ, ಕುಡಿಯಲು ನೀರು, ಬಿಸಿ ಊಟ, ಪಕ್ಕದಲ್ಲಿ ಧೈರ್ಯ ಹೇಳುವ ಒಬ್ಬ ಹೆಂಗಸು ಇದ್ದು, ಕೂಸನ್ನು ಮತ್ತೆ ಮತ್ತೆ ಎದೆಗೆ ಹಿಡಿದರೆ ಹಾಲು ಬರುತ್ತದೆ. ಆದುದರಿಂದ ಕೂಸಿಗೆ ಹಾಲು ಕಳುಹಿಸಬೇಕೆನ್ನುವವರು ತಾಯಿಗೆ ಊಟ ಕಳುಹಿಸಲಿ. ತಾಯಿಯನ್ನು ಕಳೆದುಕೊಂಡ ಕೂಸುಗಳ ಮಾತು ಬೇರೆ. ಅವುಗಳಿಗೆ ಇನ್ನೊಬ್ಬ ತಾಯಿಯ ಹಾಲು, ಅದಿಲ್ಲವಾದರೆ ದಾದಿಯ ಕಣ್ಣೆದುರಿನಲ್ಲಿ ತಯಾರಿಸಿದ ಹಾಲು ಕೊಡಬೇಕು. ಅದನ್ನೂ ಶೀಷೆಯಲ್ಲಿ ಕೊಡಬಾರದು. ನಮ್ಮ ಅಜ್ಜಿಯರ ಒಳಲೆಯಲ್ಲಿ ಕೊಡಬೇಕು; ತೊಳೆಯಲು ಸುಲಭ, ಕುದಿಸಲು ಸುಲಭ. ಇನ್ನೂ ಒಂದು ಮಾತು: ನಮ್ಮ ದೇಶದ 1992ರ ಕಾನೂನಿನಂತೆ, ಶಿಶುಗಳ ಹಾಲಿನಪುಡಿಯನ್ನೂ ಹಾಲೂಡುವ ಶೀಷೆಗಳನ್ನೂ ಅನಾಥಾಲಯಗಳಿಗೆ ಹೊರತು ಬೇರಾರಿಗೂ ದಾನಮಾಡುವಂತಿಲ್ಲ. ದಯೆಯಿದ್ದರೆ ಸಾಲದು, ದಯೆಗೆ ಕಣ್ಣಿರಬೇಕು.

ಇವೆಲ್ಲವನ್ನೂ ಕೇಳಿ, ಪೊಟ್ಟಣವೊಂದಿದ್ದರೆ ವೈದ್ಯರೇ ಬೇಡವೆಂದು ಯಾರೂ ಭಾವಿಸಬಾರದು. ನೂರು ಗರ್ಭಿಣಿಯರಲ್ಲಿ ಸುಮಾರು ಹದಿನೈದು ಮಂದಿಗೆ ತೊಡಕು ಬಂದೇ ಬರುತ್ತದೆ ಎಂಬುದು ವಿಶ್ವಸಂಸ್ಥೆಯ ಲೆಕ್ಕ. ಕೂಸು ಅಡ್ಡವಾಗಿದ್ದರೆ, ಸೆಳವು ಬಂದರೆ, ರಕ್ತ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮತ್ತು ರಕ್ತವಿರುವ ಆಸ್ಪತ್ರೆಯೇ ಗತಿ. ಆ ಹದಿನೈದು ಮಂದಿ ಯಾರೆಂದು ಮೊದಲೇ ಹೇಳಲಾಗದು. ಆದುದರಿಂದಲೇ ನೇಪಾಳದಲ್ಲಿ ಯೂನಿಸೆಫ್ ನೆರವಿನಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಆಶ್ರಯಗೃಹಗಳನ್ನು ತೆರೆದರು. ದಿನ ಸಮೀಪಿಸಿದವರು ಗುಡ್ಡ ಇಳಿದು ಬಂದು ಅಲ್ಲಿ ಉಳಿದು, ಹೆರಿಗೆಯಾಗಿ, ಮೈ ಗಟ್ಟಿಯಾದ ಮೇಲೆ ಹಿಂದಿರುಗಬಹುದಾಗಿತ್ತು. ಮಳೆಯಲ್ಲಿ, ಕಲ್ಲುರುಳುವ ದಾರಿಯಲ್ಲಿ ಬೇನೆ ತಿನ್ನುವ ಹೆಂಗಸನ್ನು ಹೊತ್ತು ಓಡುವುದಕ್ಕಿಂತ ಇದೆಷ್ಟೋ ಲೇಸು.

ನೇಪಾಳದ ಈ ದೀರ್ಘ ಸಿದ್ಧತೆ ವ್ಯರ್ಥವಾಗಲಿಲ್ಲ. 1996ರಲ್ಲಿ ಅಲ್ಲಿ ಒಂದು ಲಕ್ಷ ಜನನಗಳಿಗೆ 539 ತಾಯಂದಿರು ಸಾಯುತ್ತಿದ್ದರು. ಭೂಕಂಪದ ಮರುವರ್ಷ, 2016ರ ಸಮೀಕ್ಷೆಯಲ್ಲಿ ಆ ಸಂಖ್ಯೆ 239. 2021ರ ಜನಗಣತಿಯಲ್ಲಿ 151. ಎಷ್ಟೋ ಮಂದಿ ಸತ್ತಿದ್ದಾರೆ, ನಿಜ. ಅವರಲ್ಲಿ ಪ್ರತಿಯೊಬ್ಬಳೂ ಒಂದು ಮನೆಯ ದೀಪ. ಆದರೆ ನೂರಾರು ಆರೋಗ್ಯ ಠಾಣೆಗಳನ್ನು ಉರುಳಿಸಿದ ಭೂಕಂಪವೂ ಆ ದೇಶವನ್ನು ಅದರ ದಾರಿಯಲ್ಲಿ ಹಿಂದಕ್ಕೆ ತಳ್ಳಲಾರದೆ ಹೋಯಿತು. ಕಟ್ಟಡ ಬಿದ್ದಿತು, ಕಲಿತದ್ದು ಬೀಳಲಿಲ್ಲ.

ಪ್ರಿಯರೇ, ಧರ್ಮೋಪದೇಶದಲ್ಲಿ ನಾವೆಲ್ಲ ಚಿಕ್ಕಂದಿನಿಂದ ಕಲಿತ ಒಂದು ಪಾಠವನ್ನು ನೆನಪಿಸಿಕೊಳ್ಳಿರಿ. ಕೂಸು ಪ್ರಾಣಾಪಾಯದಲ್ಲಿದ್ದು ಗುರುಗಳು ಸಮೀಪದಲ್ಲಿಲ್ಲದಿದ್ದರೆ ಯಾರಾದರೂ, ಹೌದು ಯಾರಾದರೂ, ನೀರೆರೆದು ಜ್ಞಾನಸ್ನಾನ ಕೊಡಬಹುದು. ಇದನ್ನು ಎಲ್ಲರಿಗೂ, ವಿಶೇಷವಾಗಿ ಸೂಲಗಿತ್ತಿಯರಿಗೆ, ಕಲಿಸಿಡಬೇಕಾದುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು ಧರ್ಮಸಭೆ ಹಿಂದಿನಿಂದಲೂ ವಿಧಿಸಿದೆ. ಆಪತ್ತಿನ ಗಳಿಗೆಯಲ್ಲಿ ಕಲಿಯಲು ಸಮಯವಿಲ್ಲವೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಸಾಯುತ್ತಿರುವ ಕೂಸಿಗೆ ಜ್ಞಾನಸ್ನಾನ ಕೊಡುವುದನ್ನು ಪ್ರತಿಯೊಬ್ಬರಿಗೂ ಕಲಿಸುವ ನಾವು, ಆ ಕೂಸು ಸಾಯದಂತೆ ಒರೆಸಿ, ಬೆಚ್ಚಗಿಟ್ಟು, ಎದೆಗೆ ಹಿಡಿಸುವುದನ್ನು ಏಕೆ ಕಲಿಸಬಾರದು? ಆತ್ಮವನ್ನು ಕೊಟ್ಟವನೇ ದೇಹವನ್ನೂ ಕೊಟ್ಟಿದ್ದಾನೆ.

ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ಮಾತೆಯರ ಸಂಘದ ಮುಂದೆ ಐದು ಕೆಲಸಗಳನ್ನು ಇಡುತ್ತೇನೆ.

ಮೊದಲನೆಯದಾಗಿ, ಪ್ರತಿ ವಠಾರದಲ್ಲಿಯೂ ಇಬ್ಬರು ತಾಯಂದಿರು ಆಶಾ ಕಾರ್ಯಕರ್ತೆಯೊಡನೆ ಕೂಡಿ, ಬಸಿರಿಯರ ಹೆಸರನ್ನೂ ಹೆರಿಗೆಯ ತಿಂಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕು. ನಮ್ಮವರು, ಅನ್ಯರು ಎಂಬ ಭೇದ ಆ ಪುಸ್ತಕದಲ್ಲಿ ಇರಕೂಡದು. ಅವರ ತಾಯಿ ಕಾರ್ಡು ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿರಬೇಕು.

ಎರಡನೆಯದಾಗಿ, ಮಳೆಗಾಲಕ್ಕೆ ಮುನ್ನ ಗುಡ್ಡದಂಚಿನ, ಹೊಳೆದಂಡೆಯ ಮನೆಗಳಲ್ಲಿರುವ ದಿನ ತುಂಬಿದ ಬಸಿರಿಯರನ್ನು ಆಸ್ಪತ್ರೆಗೆ ಸಮೀಪದ ಬಂಧುಗಳ ಅಥವಾ ಧರ್ಮಕೇಂದ್ರದ ಕುಟುಂಬಗಳ ಮನೆಗೆ ಕರೆತರಬೇಕು. ಪ್ರಯಾಣದ ವೆಚ್ಚವನ್ನು ಸಂತ ವಿನ್ಸೆಂಟ್ ದಿ ಪಾಲ್ ಸಂಘದವರು ವಹಿಸಿಕೊಳ್ಳಬಹುದೆಂದು ನಂಬಿದ್ದೇನೆ.

ಮೂರನೆಯದಾಗಿ, ನಮ್ಮ ಸಭಾಭವನವು ಎಂದಾದರೂ ಪರಿಹಾರ ಶಿಬಿರವಾದರೆ, ಅದರ ಒಂದು ಕೋಣೆ ಮೊದಲ ಗಳಿಗೆಯಿಂದಲೇ ಗರ್ಭಿಣಿ-ಬಾಣಂತಿಯರದು. ಅದಕ್ಕೆ ಬಾಗಿಲು, ಪರದೆ, ದೀಪ, ನೀರು, ಸಮೀಪದಲ್ಲಿ ಶೌಚಗೃಹ ಇರಬೇಕು. ಮರೆಯಿಲ್ಲದ ಶಿಬಿರದಲ್ಲಿ ಹೊರಗೆ ಹೋಗಲು ನಾಚಿ ನೀರನ್ನೇ ಕುಡಿಯದಿರುವ ಹೆಣ್ಣುಮಕ್ಕಳಿರುತ್ತಾರೆ. ಕೂಸನ್ನು ಕಳೆದುಕೊಂಡು ಬಂದ ತಾಯಿಯೂ ಇರುತ್ತಾಳೆ. ಆಕೆಗೂ ಮಲಗಲು ಒಂದು ಮೂಲೆ, ಅಳಲು ಒಂದು ಮೂಲೆ ಬೇಕು.

ನಾಲ್ಕನೆಯದಾಗಿ, ಒಂದು ಪೆಟ್ಟಿಗೆ. ಸಾಬೂನು, ಹಾಸುವ ಹಾಳೆ, ಬ್ಲೇಡು, ದಾರ, ಕೈಗವಸು, ಒಗೆದ ಹತ್ತಿಬಟ್ಟೆ, ಟಾರ್ಚು, ಒಳಲೆ. ಇವನ್ನು ಆರೋಗ್ಯ ಕೇಂದ್ರದ ದಾದಿಯರ ಸಲಹೆಯಂತೆ ತುಂಬಿ, ಪ್ರತಿವರ್ಷ ಮೇ ತಿಂಗಳಲ್ಲಿ ತೆರೆದು ಪರೀಕ್ಷಿಸಬೇಕು. ಹಾಲಿನ ಡಬ್ಬಿಗೆ ಅದರಲ್ಲಿ ಸ್ಥಾನವಿಲ್ಲ.

ಐದನೆಯದಾಗಿ, ಅಪಾಯದ ಚಿಹ್ನೆಗಳನ್ನು ಪ್ರತಿ ತಾಯಿಯೂ, ಪ್ರತಿ ಗಂಡನೂ ಕಂಠಪಾಠ ಮಾಡಬೇಕು: ಹೆಚ್ಚು ರಕ್ತ, ಸೆಳವು, ಜ್ವರ, ಹನ್ನೆರಡು ಗಂಟೆ ಮೀರಿದ ಬೇನೆ, ಕೂಸಿನಲ್ಲಾದರೆ ಉಸಿರಾಟದ ತೊಂದರೆ, ತಣ್ಣನೆಯ ಮೈ, ಹಾಲು ಚೀಪದಿರುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಹೋಗಬೇಕು. ಕರೆ ಹೋಗದಿದ್ದರೆ ಹೊತ್ತೊಯ್ಯಲು ನಾಲ್ಕು ಮಂದಿ ಯುವಕರು ಯಾರೆಂಬುದು ಮೊದಲೇ ಗೊತ್ತಾಗಿರಬೇಕು.

ಶತಮಾನೋತ್ಸವದ ಕಮಾನಿಗೂ ಗಂಟೆಗೋಪುರದ ದುರಸ್ತಿಗೂ ದಾನಿಗಳು ದೊರೆತಿದ್ದಾರೆ. ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು ಉಚಿತವೇ. ನಾನು ಹೇಳಿದ ಪೆಟ್ಟಿಗೆಯ ಮೇಲೆ ಯಾರ ಹೆಸರೂ ಇರುವುದಿಲ್ಲ. ದೇವರು ದೊಡ್ಡವನಾದರೆ ಅದನ್ನು ಉಪಯೋಗಿಸುವ ಪ್ರಸಂಗವೂ ಬಾರದಿರಲಿ. ಆದರೂ ಪ್ರತಿವರ್ಷ ಅದು ತುಂಬಿರಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರು ಬರೆಯಿಸಿಕೊಳ್ಳುವ ಪ್ರತಿ ಕೂಸಿನ ತಾಯಿಯೂ ಆ ದಿನ ದೇವಾಲಯದ ಬಾಗಿಲಲ್ಲಿ ತಾನೇ ಕೂಸನ್ನೆತ್ತಿಕೊಂಡು ನಿಂತಿರಲಿ ಎಂದು ಹಾರೈಸುತ್ತೇನೆ.